ಅಮ್ಮನ ಅಂಗಾಲು, ಸ್ಯಾನ್ ಆಂಟೋನಿಯೋದ ಮೇಷ್ಟ್ರು

ಅಮ್ಮನ ಫೈಲಿನಲ್ಲಿ ಡಾಕ್ಟರ್ ಒಂದು ಅಂಕಿ, ಒಂದು ಅಕ್ಷರ ಬರೆದರು. 1ಎ. ಬರೆದು ನನ್ನ ಕಡೆ ತಿರುಗಿ, "ಬೇಗ ಕರ್ಕೊಂಡು ಬಂದಿರಿ, ಒಳ್ಳೆಯದಾಯಿತು" ಅಂದರು.

ಅಮ್ಮ ಹಾಸನದಿಂದ ಇಲ್ಲಿಗೆ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಬಂದು ಮೂರು ವಾರ ಆಗಿತ್ತು. ಹದಿನೆಂಟು ವರ್ಷದಿಂದ ಶುಗರ್ ಇದೆ. ಒಂದು ಸಂಜೆ ವಾಕಿಂಗ್ ಮುಗಿಸಿ ಬಂದಾಗ ಕಾಲುಚೀಲದ ಮೇಲೆ ರಕ್ತದ ಕಲೆ. ಶೂ ಕೊಡವಿದೆ. ನನ್ನ ಮಗನ ಆಟದ ಸಾಮಾನಿನ ಪ್ಲಾಸ್ಟಿಕ್ ಚೂರು ಕೆಳಗೆ ಬಿತ್ತು. ಅದನ್ನು ತುಳಿದುಕೊಂಡೇ ಅಮ್ಮ ಒಂದು ಗಂಟೆ ನಡೆದಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ. ಕಾಲು ಜೋಮು ಹಿಡಿದ ಹಾಗಿರುತ್ತೆ ಅಂತ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದರು. ವಯಸ್ಸಾಯಿತಲ್ಲ ಅಂತ ನಾನು ಸುಮ್ಮನಿದ್ದೆ. ಆ ಕಲೆ ನೋಡಿದಾಗ ಹೊಟ್ಟೆ ಉರಿದುಹೋಯಿತು.

ಇಲ್ಲಿ ಪಾದಕ್ಕೇ ಅಂತ ಡಾಕ್ಟರ್ ಇರುತ್ತಾರೆ, ಪೋಡಿಯಾಟ್ರಿಸ್ಟ್. ಡಿಗ್ರಿ ಆದಮೇಲೆ ನಾಲ್ಕು ವರ್ಷ ಅದಕ್ಕೆಂದೇ ಇರುವ ಕಾಲೇಜು, ಆಮೇಲೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಆಣಿ ತೆಗೆಯುವುದರಿಂದ ಹಿಡಿದು ಮೂಳೆಯ ಆಪರೇಷನ್ ತನಕ ಮಾಡುತ್ತಾರೆ.

ನಾವು ಹೋದ ಡಾಕ್ಟರಮ್ಮ ಗಿಡ್ಡ ಸ್ಟೂಲ್ ಮೇಲೆ ಕೂತು ಅಮ್ಮನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಮ್ಮ ಸರಕ್ಕನೆ ಕಾಲೆಳೆದುಕೊಂಡರು. "ಪುಟ್ಟಿ, ಅಷ್ಟು ಓದಿದೋರು ನನ್ನ ಕಾಲು ಮುಟ್ಟೋದಾ? ಬೇಡ ಅಂತ ಹೇಳು." ನಾನು ಹೇಳಿದೆ. ಅವರು ಮೆಲ್ಲಗೆ ಆ ಪಾದವನ್ನು ಮತ್ತೆ ಎತ್ತಿಕೊಂಡರು.

ಒಂದು ನೈಲಾನ್ ಎಳೆ ತೆಗೆದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ. ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಬೇಕು. ಹೆಬ್ಬೆರಳಿಗೆ ಮುಟ್ಟಿಸಿದರು. ಅಮ್ಮ ಸುಮ್ಮನಿದ್ದರು. ಅದರ ಬುಡಕ್ಕೆ ಮುಟ್ಟಿಸಿದರು, ಆಗಲೂ ಮಾತಿಲ್ಲ. ಎಳೆ ಬಾಗುವುದು ನನಗೆ ಕಾಣುತ್ತಿತ್ತು. "ಶುರು ಮಾಡಿದ್ರಾ?" ಅಂತ ಅಮ್ಮ ಕೇಳಿದರು. ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

1ಎ ಅಂದರೆ ಏನು ಅಂತ ಕೇಳಿದ್ದು ಆಮೇಲೆ. ಗಾಯದ ಆಳಕ್ಕೆ 0ಯಿಂದ 3ರ ತನಕ ಅಂಕಿ. ಮೂಳೆ ಅಥವಾ ಕೀಲಿನ ತನಕ ಇಳಿದಿದ್ದರೆ 3. ಕೀವು, ಸೋಂಕು ಇದ್ದರೆ ಬಿ, ರಕ್ತ ಸರಿಯಾಗಿ ಹರಿಯದಿದ್ದರೆ ಸಿ, ಎರಡೂ ಇದ್ದರೆ ಡಿ. ಅಮ್ಮನದು ಮೇಲುಮೇಲಿನ ಗಾಯ, ಸೋಂಕಿಲ್ಲ, ರಕ್ತದ ಓಟವೂ ಚೆನ್ನಾಗಿದೆ. ಗಾಯ ಅಳೆಯುವ ಈ ಕ್ರಮವನ್ನು ರೂಪಿಸಿದ್ದು ಇದೇ ಊರಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. 1996ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಮೂವರು ಪೋಡಿಯಾಟ್ರಿಸ್ಟರ ಹೆಸರಿದೆ. ಲಾರೆನ್ಸ್ ಲೇವರಿ, ಡೇವಿಡ್ ಆರ್ಮ್‌ಸ್ಟ್ರಾಂಗ್, ಲಾರೆನ್ಸ್ ಹಾರ್ಕ್‌ಲೆಸ್.

ನಮ್ಮ ಡಾಕ್ಟರಮ್ಮ ಹಾರ್ಕ್‌ಲೆಸ್ ಅವರ ಶಿಷ್ಯೆ. ಆ ಹೆಸರು ಹೇಳುವಾಗ ಅವರ ದನಿಯೇ ಬದಲಾಯಿತು. ಹಾರ್ಕ್‌ಲೆಸ್ ಇಲ್ಲಿ ಬಹಳ ವರ್ಷ ಪ್ರೊಫೆಸರ್ ಆಗಿದ್ದರು. ಆಮೇಲೆ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಹೊಸ ಪೋಡಿಯಾಟ್ರಿ ಕಾಲೇಜಿಗೆ ಮೊದಲ ಡೀನ್ ಆದರು. ಅಷ್ಟಕ್ಕೇ ಸಾಕು ಅನ್ನಲಿಲ್ಲ. ಇಷ್ಟು ದೊಡ್ಡ ಟೆಕ್ಸಾಸ್‌ನಲ್ಲಿ ಒಂದೂ ಪೋಡಿಯಾಟ್ರಿ ಕಾಲೇಜು ಇರಲಿಲ್ಲ, ಓದಬೇಕೆಂದರೆ ಬೇರೆ ರಾಜ್ಯಕ್ಕೆ ಹೋಗಬೇಕಿತ್ತು. ಮೊದಲನೆಯದು 2022ರಲ್ಲಿ ಹಾರ್ಲಿಂಜೆನ್‌ನಲ್ಲಿ ಶುರುವಾಯಿತು. ಮೆಕ್ಸಿಕೋ ಗಡಿಯ ಹತ್ತಿರದ, ಶುಗರ್ ತುಂಬಾ ಜಾಸ್ತಿ ಇರುವ ಸೀಮೆ. ಆ ಕಾಲೇಜು ಕಟ್ಟುವುದಕ್ಕೂ ಹಾರ್ಕ್‌ಲೆಸ್ ಅವರೇ ನಿಂತರು. ಡಾಕ್ಟರ್ ಒಬ್ಬರು ಉಳಿಸುವ ಕಾಲುಗಳಿಗೆ ಒಂದು ಲೆಕ್ಕ ಇರುತ್ತದೆ. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಉಳಿಸುವುದಕ್ಕೆ ಲೆಕ್ಕ ಎಲ್ಲಿದೆ? ಅದರಲ್ಲಿ ನನ್ನ ಅಮ್ಮನ ಬಲಗಾಲೂ ಸೇರಿತು.

ಚಿಕಿತ್ಸೆಗೆ ಹಾಕಿದ್ದು ಮೊಣಕಾಲಿನ ಕೆಳಗೆ ಪಾದಕ್ಕೆಲ್ಲ ಅಂಟಿಕೊಳ್ಳುವ ಹಾಗೆ ಒಂದು ಪ್ಲಾಸ್ಟರ್ ಕಟ್ಟು. ಮೈಭಾರ ಗಾಯದ ಮೇಲೆ ಬೀಳದೆ ಹಂಚಿಹೋಗುತ್ತದೆ. ಇದನ್ನು ಅಮೆರಿಕಕ್ಕೆ ತಂದವರು ಪಾಲ್ ಬ್ರ್ಯಾಂಡ್ ಎಂಬ ಸರ್ಜನ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದವರು, ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಟ್ಟವರು. ನೋವು ಗೊತ್ತಾಗದ ಕಾಲು ಗಾಯದ ಮೇಲೇ ನಡೆದು ನಡೆದು ಹಾಳಾಗುತ್ತದೆ ಅಂತ ಅಲ್ಲಿ ಕಂಡುಕೊಂಡರು. ನಮ್ಮ ಕಡೆಯ ರೋಗಿಗಳಿಂದ ಕಲಿತ ವಿದ್ಯೆ ಸುತ್ತಿಬಳಸಿ ಹಾಸನದ ಅಮ್ಮನ ಕಾಲಿಗೇ ಬಂತು ನೋಡಿ.

ಏಳು ವಾರಕ್ಕೆ ಗಾಯ ಮಾಯಿತು. ಊರಿನಲ್ಲಿರುವವರಿಗೆ ಒಂದು ಮಾತು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ ವಿಭಾಗ ಇದೆ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ಅವರು ಏನೂ ನೋವಿಲ್ಲ ಅಂದರೂ ಅಂಗಾಲು ತಿರುಗಿಸಿ ನೋಡಿ.

ಹೊರಡುವ ಹಿಂದಿನ ದಿನ ಅಮ್ಮ ಡಾಕ್ಟರಮ್ಮನಿಗೆ ಕೋಡುಬಳೆ ಮಾಡಿಕೊಂಡು ಹೋದರು. ಕೊಟ್ಟು ಕೈಮುಗಿದು, "ನಿಮ್ಮ ಮೇಷ್ಟ್ರಿಗೂ ನನ್ನ ನಮಸ್ಕಾರ ತಿಳಿಸಿ" ಅಂದರು. ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಆಕೆ ಕೈಮುಗಿದಿದ್ದರು.