ಪಾಯದಲ್ಲಿ ಸಿಕ್ಕ ಯುದ್ಧದ ಪದಕವನ್ನು ಉಜ್ಜಿ ತೊಳೆಯಬಹುದೇ?

‘ಪಾಯ ತೆಗೆಯುವಾಗ ಹಳೇ ಮೆಡಲ್ ಸಿಕ್ಕಿದೆ, ಹುಣಸೆಹಣ್ಣು ಹಾಕಿ ಉಜ್ಜಲಾ?’ ಕೆಜಿಎಫ್ ಕಡೆಯವರೂ ನಂದಿ ಸುತ್ತಲ ಊರಿನವರೂ ಕೇಳುವುದು ಇದನ್ನೇ. ದಯವಿಟ್ಟು ಉಜ್ಜಬೇಡಿ.

ಪದಕದ ಜೀವ ಇರುವುದು ಅದರ ಅಂಚಿನಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ತೆಗೆದುಕೊಳ್ಳಿ. 36 ಮಿ.ಮೀ. ಬಿಲ್ಲೆ, ಒಂದು ಬದಿ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿ ಬೆತ್ತಲೆ ಸವಾರ, ಕುದುರೆಯ ಕಾಲಡಿ ಪ್ರಷ್ಯಾದ (ಅಂದರೆ ಜರ್ಮನ್ ಶತ್ರುವಿನ) ಹದ್ದಿನ ಗುರಾಣಿ, ಜೊತೆಗೆ 1914 ಮತ್ತು 1918. ಲಕ್ಷಗಟ್ಟಲೆ ಬಿಲ್ಲೆಗಳಲ್ಲಿ ಇಷ್ಟೂ ಒಂದೇ. ಅಂಚಿಗೆ ಒತ್ತಿದ ಸಂಖ್ಯೆ, ಹುದ್ದೆ, ಹೆಸರು, ದಳ ಮಾತ್ರ ಬೇರೆ ಬೇರೆ. ಸೈನಿಕರಿಗೆ ಬೆಳ್ಳಿಯದು ಕೊಟ್ಟರು, ಕೂಲಿ ದಳಗಳಲ್ಲಿ ಹೋದ ಭಾರತೀಯರಿಗೆ ಕಂಚಿನದು. ಕಂಚು ಅಂತ ಅಸಡ್ಡೆ ಮಾಡಬೇಡಿ. ಆ ಕೂಲಿಯಾಳಿನ ಹೆಸರು ಉಳಿದಿರುವ ಜಾಗ ಅದೊಂದೇ ಆಗಿರಬಹುದು.

ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಮಣ್ಣಿನಲ್ಲಿ ಸವೆದ ಲೋಹದ ಮೇಲೆ ಎಷ್ಟೋ ಸಲ ಅಕ್ಷರದ ಆಕಾರ ಉಳಿದಿರುವುದು ಆ ಪದರದಲ್ಲೇ. ಕಿಲುಬು ಹೋದರೆ ಹೆಸರೂ ಹೋಯಿತು. ಪಾಲಿಶ್ ಪುಡಿ ಅಕ್ಷರದ ಅಂಚುಗಳನ್ನೇ ತೇಯುತ್ತದೆ. ಓದಬೇಕೆಂದರೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು, 10 ಪಟ್ಟಿನ ಭೂತಗನ್ನಡಿಯಲ್ಲಿ ಅಂಚನ್ನು ನಿಧಾನಕ್ಕೆ ತಿರುಗಿಸಿ. ನೆರಳು ಬಿದ್ದಾಗ ಅಕ್ಷರ ಎದ್ದು ಕಾಣುತ್ತದೆ.

ಇನ್ನೂ ಮಣ್ಣಿನಲ್ಲೇ ಇದ್ದರೆ ಎತ್ತುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ನೆಲಮಟ್ಟದಿಂದ ಆಳ ಅಳೆಯಿರಿ. ಜೊತೆಗೆ ಸಿಕ್ಕ ಗುಂಡಿ, ಬಳೆಚೂರು, ಹೆಂಚಿನ ತುಂಡನ್ನೂ ಎತ್ತಿಡಿ. ನೆರಳಲ್ಲಿ ಒಣಗಿಸಿ, ಸಡಿಲ ಮಣ್ಣನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ರಿಬ್ಬನ್ನಿನ ಎಳೆ ಕಂಡರೆ ಅಲ್ಲಿಗೆ ಬ್ರಷ್ ತಾಗಿಸಬೇಡಿ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನಂತೂ (ಚಿನ್ನದ ಗಣಿಯ ತ್ಯಾಜ್ಯದ ಗುಡ್ಡಗಳನ್ನು) ಕೆದಕಲೇಬೇಡಿ, ಆ ಪುಡಿ ವಿಷ.

ಕಂಚಿನ ಮೇಲೆ ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಎಚ್ಚರ. ಮಣ್ಣಿನ ಕ್ಲೋರೈಡ್ ಗಾಳಿಯ ತೇವದೊಂದಿಗೆ ಸೇರಿ ಲೋಹವನ್ನು ಒಳಗಿಂದ ತಿನ್ನುತ್ತಿದೆ ಎಂದರ್ಥ. ಒದ್ದೆ ಪದಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರೆ ಇದು ಇನ್ನೂ ಬೇಗ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಳಗಿನ ತೇವಾಂಶ ಶೇ. 40 ದಾಟದಂತೆ ನೋಡಿಕೊಳ್ಳಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ.

‘ನಂದಿಬೆಟ್ಟದ ಯುದ್ಧದಲ್ಲಿ ಬಿದ್ದದ್ದಾ?’ ಎಂದೂ ಕೇಳುತ್ತಾರೆ. ಟಿಪ್ಪು ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ನಂದಿದುರ್ಗ ಹಿಡಿದದ್ದು 1791ರ ಅಕ್ಟೋಬರ್ 19ರಂದು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆ ಹಂಚಿದ ಮೈಸೂರು ಪದಕದ ಮೇಲೆ 1791-1792 ಎಂದಿದೆ. ಬಾವುಟ ಹಿಡಿದ ಸಿಪಾಯಿ ಉರುಳಿದ ಫಿರಂಗಿಯ ಮೇಲೆ ಕಾಲಿಟ್ಟಿರುತ್ತಾನೆ. ಅದನ್ನು ಮಾಡಿಸಿದ್ದೇ ಯುದ್ಧ ಮುಗಿದ ಮೇಲೆ, ಹಾಗಾಗಿ ಮುತ್ತಿಗೆಯ ದಿನ ಯಾರ ಎದೆಯಿಂದಲೂ ಬಿದ್ದಿರಲು ಸಾಧ್ಯವಿಲ್ಲ. ಪದಕ ಹೇಳುವುದು ರಣರಂಗದ ಕತೆಗಿಂತ ಹೆಚ್ಚಾಗಿ ಊರಿಗೆ ಮರಳಿದವರ ಮನೆಯ ಕತೆ. ಅದಕ್ಕೇ ಸಿಕ್ಕ ಜಾಗ ಅಷ್ಟು ಮುಖ್ಯ.

ಸಂತೆಯ ನಕಲಿಗಳೂ ಇವೆ. ಅವುಗಳ ಗುರುತು: ಮೈಮೇಲೆ ಎರಕದ ಸಣ್ಣ ಗುಳಿ, ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮಸುಕು ಅಕ್ಷರ.

ಇನ್ನು ಕಾನೂನು. ನೆಲದಡಿ ಸಿಕ್ಕ ಬೆಲೆಬಾಳುವ ವಸ್ತುವನ್ನು ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ನೂರು ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ. ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಬರೆದು, ಅಂಚಿನ ಫೋಟೋವನ್ನೂ ಲಗತ್ತಿಸಿ.