ಇನ್ನೊಬ್ಬ ಕುಡುಕನನ್ನು ಹುಡುಕಿದವರು

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿ ತಂಗಿದ್ದ ಬಿಲ್ ವಿಲ್ಸನ್, ವ್ಯವಹಾರವೊಂದು ಕೈತಪ್ಪಿದ ಬೇಸರದಲ್ಲಿ, ಕೆಲವೇ ತಿಂಗಳ ಹಿಂದೆ ಬಿಟ್ಟಿದ್ದ ಕುಡಿತಕ್ಕೆ ಮತ್ತೆ ಶರಣಾಗುವ ಹಂತದಲ್ಲಿದ್ದರು. ಆಗ ಅವರು ಹುಡುಕಿದ್ದು ವೈದ್ಯರನ್ನಲ್ಲ, ಮಾತನಾಡಲು ಇನ್ನೊಬ್ಬ ಕುಡುಕನನ್ನು. ಊರಿನ ಪಾದ್ರಿಗಳಿಗೆ ಫೋನು ಮಾಡುತ್ತ ಹೋದ ಅವರಿಗೆ ಕೊನೆಗೆ ಸಿಕ್ಕ ಬಾಬ್ ಸ್ಮಿತ್ ಶಸ್ತ್ರವೈದ್ಯರೇ ಆಗಿದ್ದರೆಂಬುದು ಬೇರೆ ಮಾತು. ಗಂಟೆಗಟ್ಟಲೆ ನಡೆದ ಆ ಮಾತುಕತೆಯಿಂದಲೇ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಸ್ಥೆ ಬೆಳೆಯಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅದಕ್ಕೂ ಹಿಂದಿನ ತಿಂಗಳುಗಳು. ನ್ಯೂಯಾರ್ಕಿನಲ್ಲಿ ವಿಲ್ಸನ್ ಎಷ್ಟೋ ಮಂದಿಗೆ ತಿಳಿಹೇಳಿದರೂ ಅವರಲ್ಲಿ ಯಾರೂ ಕುಡಿತ ಬಿಡಲಿಲ್ಲ; ಆದರೆ ಹೇಳುತ್ತಿದ್ದ ವಿಲ್ಸನ್ ಮಾತ್ರ ಕುಡಿಯದೆ ಉಳಿದರು. ಸಹವರ್ತಿಗಳ ಬೆಂಬಲವನ್ನು, ಅಂದರೆ ಒಂದೇ ತೊಂದರೆ ಉಂಡವರು ಒಬ್ಬರಿಗೊಬ್ಬರು ಕೊಡುವ ನೆರವನ್ನು, ಬಲಹೀನರಿಗೆ ಬಲವಂತರು ಮಾಡುವ ಉಪಕಾರವೆಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು.

1937ರಲ್ಲಿ ಶಿಕಾಗೋದ ಮನೋವೈದ್ಯ ಅಬ್ರಹಾಂ ಲೋ, ಆಸ್ಪತ್ರೆಯಿಂದ ಮನೆಗೆ ಮರಳಿದ ಮಾನಸಿಕ ರೋಗಿಗಳಿಗಾಗಿ ಇಂಥದೇ ಗುಂಪನ್ನು ಕಟ್ಟಿದರು. ಕುಡಿತದ ಚಟ, ಮಾನಸಿಕ ರೋಗ ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಮದ್ಯ ಬಿಟ್ಟು ವರ್ಷಗಳಾದ ಮೇಲೂ ವಿಲ್ಸನ್ ತೀವ್ರ ಖಿನ್ನತೆಯಿಂದ ನರಳಿದರು. ಹಾಗಿರುವಾಗ ಸಭೆಯಲ್ಲಿ ಯಾರಾದರೂ ಎದ್ದು, ಮನೋವೈದ್ಯರು ಕೊಟ್ಟ ಮಾತ್ರೆಯೂ ಒಂದು ಚಟವೇ ಎಂದು ಹೇಳಿದರೆ, ಅದು ಬೆಂಬಲವಲ್ಲ, ಅಪಾಯ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂದು ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಸ್ಥೆಯ ಕಿರುಹೊತ್ತಿಗೆಯೇ ಎಚ್ಚರಿಸುತ್ತದೆ. ಜೊತೆಗಾರರು ಹೇಳಬಹುದಾದದ್ದು ತಮ್ಮ ಅನುಭವವನ್ನು. ಮಾನಸಿಕ ರೋಗಕ್ಕೆ ಕೊಡುವ ಲಿಥಿಯಂ ಔಷಧಿಯನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ರೋಗಿ ತನ್ನ ವೈದ್ಯರೊಡನೆ ಕುಳಿತೇ ತೀರ್ಮಾನಿಸಬೇಕು.