ಔಷಧವಿಲ್ಲದೆ ಹೋದ ರೋಗ

ದೇವದುರ್ಗದ ಕಡೆ ಬೆಳೆದ ನನ್ನ ವಯಸ್ಸಿನವರಿಗೆ ನಾರುಹುಣ್ಣಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ನರ್ಸಿಂಗ್ ಓದುತ್ತಿರುವ ಮಗಳಿಗೆ ಹೇಳಬೇಕಾಯಿತು. ಅವಳ ಪುಸ್ತಕದಲ್ಲಿ ‘ಜಾಗತಿಕ ಆರೋಗ್ಯ’ದ ಅಧ್ಯಾಯ ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿಯಿರುವ ಜಿನೀವಾದಿಂದ ಶುರುವಾಗುತ್ತದೆ. ನಾನಾಗಿದ್ದರೆ ನಮ್ಮೂರಿನ ಮೆಟ್ಟಿಲುಬಾವಿಯಿಂದ ಶುರು ಮಾಡುತ್ತಿದ್ದೆ.

ನನ್ನ ಸೋದರಮಾವನ ಕಣಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಬಿಳಿ ದಾರದಂತಹ ಹುಳು ತಲೆ ಹೊರಗೆ ಹಾಕಿತ್ತು. ಒಂದು ಮೀಟರ್‌ವರೆಗೂ ಬೆಳೆಯುವ ಹುಳು! ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಂದು ಎಳೆಯಬೇಕು. ಅವಸರಕ್ಕೆ ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಬಿತ್ತನೆಗೆ ಹೊಲ ಕಾಯುತ್ತಿದ್ದರೆ ಮಾವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ.

ಉರಿ ತಾಳದೆ ಆ ಕಾಲನ್ನು ಬಾವಿಗಿಳಿಸಿದರೆ ಹುಳು ಸಾವಿರಗಟ್ಟಲೆ ಮರಿ ಬಿಡುತ್ತದೆ. ಅವುಗಳನ್ನು ಕಣ್ಣಿಗೆ ಕಂಡೂ ಕಾಣದ ಸೈಕ್ಲಾಪ್ಸ್ ಎಂಬ ಜೀವಿ ನುಂಗುತ್ತದೆ. ಅದೇ ನೀರನ್ನು ನಾವು ಕುಡಿಯುತ್ತೇವೆ. ಸುಮಾರು ವರ್ಷದ ಮೇಲೆ ಇನ್ನೊಬ್ಬರ ಕಾಲಿನಲ್ಲಿ ಬೊಕ್ಕೆ. ಇದಕ್ಕೆ ಔಷಧವಿಲ್ಲ, ಲಸಿಕೆಯೂ ಇಲ್ಲ. ಇವತ್ತಿಗೂ ಇಲ್ಲ.

ಆದರೂ ಹೋಯಿತು. ನೀರನ್ನು ಬಟ್ಟೆಯಲ್ಲಿ ಸೋಸಿದರು, ಬಾವಿಗೆ ಸೈಕ್ಲಾಪ್ಸ್ ಸಾಯಿಸುವ ಟೆಮಿಫಾಸ್ ಎಂಬ ರಾಸಾಯನಿಕ ಹಾಕಿದರು, ಮೆಟ್ಟಿಲು ಮುಚ್ಚಿ ಸೇದುಬಾವಿ ಮಾಡಿದರು, ಕೊಳವೆಬಾವಿ ಕೊರೆದರು, ಹುಣ್ಣಾದವರನ್ನು ಮನೆಮನೆ ತಿರುಗಿ ಹುಡುಕಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. 1980ರ ದಶಕದ ನಡುವೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗಿದ್ದ ರೋಗ 2023ರಲ್ಲಿ 14 ಜನರಲ್ಲಿ ಮಾತ್ರ ಕಂಡಿತು. ಚಾಡ್ ದೇಶದಲ್ಲಿ ಈಗ ನಾಯಿಗಳಿಗೂ ಈ ಹುಳು ಹತ್ತಿರುವುದರಿಂದ ಅವುಗಳನ್ನು ಕಟ್ಟಿಹಾಕಿ ಸಾಕುತ್ತಿದ್ದಾರೆ. ದೊಡ್ಡ ಆಸ್ಪತ್ರೆಗಳ ಹೊಗಳಿಕೆ ಕೇಳುವಾಗೆಲ್ಲ ನನಗೆ ಆ ಸೋಸುಬಟ್ಟೆಯೇ ನೆನಪಾಗುತ್ತದೆ.

ಆದರೆ ಗೆದ್ದ ಕಥೆಯನ್ನಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಹುಳುವಿನಿಂದ ಪಾರು ಮಾಡಿದ ಕೊಳವೆಬಾವಿಯೇ ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆ ನೆಲದಾಳದ ಕಲ್ಲಿನಿಂದ ನೀರಿಗೆ ಸೇರುವ ಫ್ಲೋರೈಡ್ ತಂದಿತು. ಹಲ್ಲು ಕಂದಾಗುತ್ತದೆ, ವರ್ಷಗಳು ಉರುಳಿದಂತೆ ಮೂಳೆಯೂ ಬಿರುಸಾಗುತ್ತದೆ. ಬಾಂಗ್ಲಾದೇಶದಲ್ಲಿ ವಾಂತಿಭೇದಿ ತಪ್ಪಿಸಲು ಕೊರೆದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದ್ದೂ ಹೀಗೆಯೇ. ಒಂದು ಊರಿನ ನೀರಿನ ಪಾಠ ಇನ್ನೊಂದು ಊರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಮಗಳು ಓದುವ ಜಾಗತಿಕ ಆರೋಗ್ಯದ ಶಾಸ್ತ್ರ ನನಗೆ ಮುಖ್ಯವೆನಿಸುವುದು ಅದಕ್ಕೇ.

ಬಟ್ಟೆಯಲ್ಲಿ ಸೋಸಿದರೂ ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನದಿನೀರು ಊರಿಗೆ ಬರಬೇಕು, ಇಲ್ಲವೇ ಹಳ್ಳಿಯ ಶುದ್ಧೀಕರಣ ಘಟಕ ಕೆಟ್ಟ ದಿನವೇ ರಿಪೇರಿ ಮಾಡುವವನು ಬರಬೇಕು.